ನೋಟ್‌ಬುಕ್ಕಿನ ಇನ್ನೊಂದು ತುದಿ

ಐದನೇ ಕ್ಲಾಸಿನಲ್ಲಿದ್ದಾಗ ನನ್ನದೊಂದು ಫೋಟೋ ಪೇಪರಿನಲ್ಲಿ ಬಂದಿತ್ತು. ಬಹುಮಾನ ಗೆದ್ದಿದ್ದಕ್ಕಲ್ಲ. ತಾಲ್ಲೂಕು ಕೇಂದ್ರದಿಂದ ಯಾವುದೋ ಸೇವಾ ಸಂಸ್ಥೆಯವರು ನಮ್ಮೂರಿನ ಸರ್ಕಾರಿ ಶಾಲೆಗೆ ಬಂದು ನೋಟ್‌ಬುಕ್ ಹಂಚಿದ್ದರು. ಹೆಸರು ಕೂಗಿದಾಗ ಹೋದೆ. ಸಫಾರಿ ಸೂಟಿನ ಒಬ್ಬರು ನೋಟ್‌ಬುಕ್ ಕಟ್ಟಿನ ಒಂದು ತುದಿ ಹಿಡಿದಿದ್ದರು, ನಾನು ಇನ್ನೊಂದು ತುದಿ ಹಿಡಿದೆ. ಇಸಕೊಂಡು ಓಡಬೇಕು ಅನ್ನುವಷ್ಟರಲ್ಲಿ ಅವರು ಕೈ ಬಿಡಲೇ ಇಲ್ಲ. ‘ಇರೋ, ಅಲ್ಲಿ ನೋಡು’ ಅಂದರು. ಫ್ಲ್ಯಾಶ್ ಹತ್ತಲಿಲ್ಲ. ಕ್ಯಾಮೆರಾದವನು ‘ಇನ್ನೊಂದ್ಸಲ ಸಾರ್’ ಅಂದ. ನನ್ನ ಅಂಗಿಗೆ ಎರಡು ಗುಂಡಿ ಇರಲಿಲ್ಲ. ಖಾಲಿಯಿದ್ದ ಕೈಯಿಂದ ಅಂಗಿಯನ್ನು ಒತ್ತಿ ಹಿಡಿದು ನಿಂತೆ.

ಮೂರು ದಿನ ಬಿಟ್ಟು ಬಂದ ಪೇಪರಿನಲ್ಲಿ ಫೋಟೋದ ಕೆಳಗೆ ‘ಬಡ ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಣೆ’ ಅಂತ ಇತ್ತು. ನಾವು ಬಡವರು ಅನ್ನುವುದು ನನಗೆ ಮೊದಲು ಗೊತ್ತಾಗಿದ್ದು ಹಾಗೆ, ಪೇಪರ್ ಓದಿ.

ಹೀಗಿದ್ದ ನಾನು ಮೂರು ವರ್ಷದ ಹಿಂದೆ ರೋಟರಿ ಕ್ಲಬ್ ಸೇರಿದೆ ಅಂದರೆ ನನಗೇ ನಗು ಬರುತ್ತದೆ. ಸೇರಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ವರ್ಗವಾಗಿ ಈ ಊರಿನ ಪಿಯು ಕಾಲೇಜಿಗೆ ಬಂದಿದ್ದೆ, ಪರಿಚಯದವರು ಇರಲಿಲ್ಲ. ಅಮ್ಮನ ಬಿಪಿ ಮಾತ್ರೆ ತರಲು ಹೋಗುತ್ತಿದ್ದ ಔಷಧಿ ಅಂಗಡಿಯ ಯಜಮಾನರು ಒಂದು ದಿನ, ‘ಮೇಷ್ಟ್ರೇ, ಗುರುವಾರ ಸಾಯಂಕಾಲ ಏನು ಮಾಡ್ತೀರಿ?’ ಅಂತ ಕೇಳಿದರು. ಏನೂ ಮಾಡುತ್ತಿರಲಿಲ್ಲ. ಅದೇ ನನ್ನ ಅರ್ಹತೆಯಾಯಿತು.

ಇಂಥ ಕ್ಲಬ್ಬಿಗೆ ನಾವಾಗಿಯೇ ಹೋಗಿ ಅರ್ಜಿ ಹಾಕುವ ರೂಢಿ ಕಡಿಮೆ. ಒಳಗಿರುವವರೊಬ್ಬರು ಹೆಸರು ಸೂಚಿಸಬೇಕು, ಪದಾಧಿಕಾರಿಗಳ ಮಂಡಳಿ ಒಪ್ಪಬೇಕು, ಉಳಿದ ಸದಸ್ಯರಿಂದ ತಕರಾರು ಬರಬಾರದು. ಇದೆಲ್ಲ ಮುಗಿದ ಮೇಲೆ ಒಂದು ಸಭೆಯಲ್ಲಿ ನಿಲ್ಲಿಸಿ, ಹಲ್ಲಿನ ಗಾಲಿಯ ಚಿತ್ರವಿರುವ ಪಿನ್ನನ್ನು ಅಂಗಿಗೆ ಚುಚ್ಚುತ್ತಾರೆ. ನನಗೆ ಚುಚ್ಚುವಾಗ ಫ್ಲ್ಯಾಶ್ ಮಿಂಚಿತು. ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು.

ಮೊದಲ ಆರು ತಿಂಗಳು ನಾನು ಒಳಗೊಳಗೇ ನಗುತ್ತಿದ್ದೆ. ಹಿತ್ತಾಳೆ ಗಂಟೆ ಬಾರಿಸಿದರೆ ಸಭೆ ಶುರು, ಬಾರಿಸಿದರೆ ಮುಕ್ತಾಯ. ಅಧ್ಯಕ್ಷರ ಕೊರಳಿಗೆ ಹಿಂದಿನವರ ಹೆಸರುಗಳ ಬಿಲ್ಲೆಗಳಿರುವ ಪಟ್ಟಿ. ತಡವಾಗಿ ಬಂದರೆ, ಫೋನ್ ಮೊಳಗಿದರೆ ದಂಡ. ಮಗಳು ಪಾಸಾದರೆ ಸಂತೋಷಕ್ಕೆಂದು ಇನ್ನೊಂದು ದಂಡ. ಸದಸ್ಯರ ಹೆಂಡತಿಯರಿಗೆ ‘ಆ್ಯನ್’ ಅನ್ನುವ ಹೆಸರು, ಮಕ್ಕಳು ‘ಆ್ಯನೆಟ್’. ‘ನನಗೆ ನಮ್ಮಪ್ಪ ಇಟ್ಟ ಹೆಸರೇ ಸಾಕು’ ಎಂದು ನನ್ನ ಹೆಂಡತಿ ಮೊದಲ ದಿನವೇ ಹೇಳಿದಳು. ವಾರದ ಸಭೆ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಸಬಹುದು. ಅದನ್ನು ‘ಮೇಕಪ್’ ಅನ್ನುತ್ತಾರೆ. ‘ಮೇಕಪ್ಪಿಗೆ ಅರಸೀಕೆರೆಗೆ ಹೋಗಿದ್ದೆ’ ಅಂತ ಮೀಸೆ ನರೆತ ಕಾಂಟ್ರ್ಯಾಕ್ಟರರೊಬ್ಬರು ಹೇಳಿದಾಗ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ವರ್ಷವೂ ಇಲ್ಲಿ ಬೇರೆಯೇ. ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು. ಎಷ್ಟೇ ಸಮರ್ಥರಾದರೂ ಹನ್ನೆರಡು ತಿಂಗಳಿಗೆ ಪಟ್ಟಿ ಬಿಚ್ಚಿ ಇನ್ನೊಬ್ಬರ ಕೊರಳಿಗೆ ಹಾಕಬೇಕು. ವಾರ್ಷಿಕ ಚಂದಾ ಕಟ್ಟಬೇಕು. ಅದರಲ್ಲೊಂದು ಪಾಲು ಜಿಲ್ಲೆಗೆ, ಒಂದು ಪಾಲು ಅಮೆರಿಕದ ಇವಾನ್‌ಸ್ಟನ್‌ನಲ್ಲಿರುವ ಮುಖ್ಯ ಕಚೇರಿಗೆ. ನನ್ನ ಮೊದಲ ಚಂದಾ ಕಟ್ಟಿದ ದಿನ ಮನೆಯಲ್ಲಿ ಹೆಂಡತಿ, ‘ದುಡ್ಡು ಕೊಟ್ಟು ಕೆಲಸ ಹಚ್ಚಿಕೊಳ್ಳೋರನ್ನ ನಾನು ನೋಡಿದ್ದು ಇದೇ ಮೊದಲು’ ಅಂದಳು.

ಮೇಷ್ಟ್ರ ಬುದ್ಧಿ ನೋಡಿ, ಸೇರಿದ ಮೇಲೆ ಇದರ ಚರಿತ್ರೆ ಓದಲು ಕೂತೆ. 1905ರ ಫೆಬ್ರವರಿ 23ರ ಸಂಜೆ ಶಿಕಾಗೋದಲ್ಲಿ ನಾಲ್ಕು ಜನ ಸೇರಿದ್ದರು. ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಹ್ಯಾರಿಸ್ ಸಣ್ಣ ಊರಿನಲ್ಲಿ ಬೆಳೆದು ದೊಡ್ಡ ಪಟ್ಟಣಕ್ಕೆ ಬಂದವನು, ಅಲ್ಲಿ ಒಂಟಿಯಾಗಿದ್ದವನು. ಸಭೆ ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ನಡೆಯುತ್ತಿದ್ದುದರಿಂದ ‘ರೋಟರಿ’ ಅನ್ನುವ ಹೆಸರು ಬಂತು. ಶುರುವಿಗೆ ಸೇವೆಯ ಮಾತೇ ಇರಲಿಲ್ಲ, ಸ್ನೇಹ ಮತ್ತು ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸುವುದು ಅಷ್ಟೇ. ಸೇವೆ ಆಮೇಲೆ ಬಂತು. ಅವರು ಊರಿಗಾಗಿ ಕೈ ಹಾಕಿದ ಮೊದಲ ಕೆಲಸ ಶಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಇದನ್ನು ಓದಿದಾಗ ಖುಷಿಯಾಯಿತು. ಶೌಚಾಲಯದ ಮುಂದೆ ಫಲಾನುಭವಿಗಳನ್ನು ನಿಲ್ಲಿಸಿ ಯಾರೂ ಫೋಟೋ ತೆಗೆಸಿರಲಾರರು ಅನ್ನಿಸಿತು.

ಆದರೆ ನನ್ನ ನಗು ಪೂರ್ತಿ ನಿಂತದ್ದು ಪುಸ್ತಕದಿಂದಲ್ಲ. ಒಂದು ರಾತ್ರಿ ಔಷಧಿ ಅಂಗಡಿಯವರ ಜೊತೆ ನಡೆದುಕೊಂಡು ಬರುವಾಗ, ‘ಇದೆಲ್ಲ ಸ್ವಲ್ಪ ನಾಟಕ ಅಲ್ವಾ ಸಾರ್, ಗಂಟೆ, ಪಟ್ಟಿ?’ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ನಾಟಕಾನೇ. ಆದರೆ ಗಂಟೆ ಇಲ್ದಿದ್ರೆ ನಾವು ಇಪ್ಪತ್ತು ಜನ ವಾರಾ ವಾರಾ ಒಂದು ಕಡೆ ಕೂರ್ತಿರಲಿಲ್ಲ’ ಅಂದರು. ಆಮೇಲೆ ಪಲ್ಸ್ ಪೋಲಿಯೊ ಭಾನುವಾರಗಳ ವಿಷಯ ಹೇಳಿದರು. ಐಸ್ ಇಟ್ಟ ಲಸಿಕೆ ಡಬ್ಬ ಹೆಗಲಿಗೆ ಹಾಕಿಕೊಂಡು ಆಶಾ ಕಾರ್ಯಕರ್ತೆಯರ ಜೊತೆ ಇಟ್ಟಿಗೆ ಗೂಡುಗಳಿಗೆ ಹೋಗುತ್ತಿದ್ದರಂತೆ. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಮುಂದಿನ ಸುತ್ತಿಗೆ ಹೋದರೆ ಗೂಡಿನವರು ಬೇರೆ ಕಡೆ ಗುಳೆ ಹೋಗಿರುತ್ತಿದ್ದರು, ಮತ್ತೆ ಹುಡುಕಬೇಕು. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧದ ಕೆಲಸಕ್ಕೆ ಇಳಿಯಿತು. ಭಾರತದ ಕಡೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದ ಒಂದು ಮಗುವಿನಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಲಕ್ಷಾಂತರ ಕಾರ್ಯಕರ್ತೆಯರು ಎಲ್ಲರೂ ಸೇರಿ ಮಾಡಿದ ಕೆಲಸ ಅದು. ‘ಅದರೊಳಗೆ ನಂದು ಒಂದು ಡಬ್ಬ’ ಅಂದರು ಅವರು. ನಾನು ಸುಮ್ಮನಾದೆ.

ಮುಂದಿನ ಜೂನಿನಲ್ಲಿ ಬಂತು ನೋಡಿ, ನೋಟ್‌ಬುಕ್.

ಹೊಸದಾಗಿ ಅಧ್ಯಕ್ಷೆಯಾಗಲಿದ್ದ ದಂತವೈದ್ಯೆ ಮೇಡಂ ವರ್ಷದ ಮೊದಲ ಕಾರ್ಯಕ್ರಮವಾಗಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನೋಟ್‌ಬುಕ್ ವಿತರಣೆ ಇಟ್ಟುಕೊಳ್ಳೋಣ ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ನಿಂತೆ. ಯಾರಿಗೂ ಹೇಳದ ಸಫಾರಿ ಸೂಟಿನ ಕಥೆ, ಗುಂಡಿಯ ಕಥೆ, ‘ಬಡ ಮಕ್ಕಳಿಗೆ’ ಎಲ್ಲ ಹೇಳಿಬಿಟ್ಟೆ. ‘ನೋಟ್‌ಬುಕ್ ಕೊಡಿ, ಫೋಟೋ ಬೇಡ’ ಅಂದಾಗ ಗಂಟಲು ಕಟ್ಟಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿ ಮೆಲ್ಲಗೆ, ‘ಮೇಷ್ಟ್ರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ದುಡ್ಡು ಕೊಟ್ಟೋರು ಎಲ್ಲಿ ಹೋಯ್ತು ಅಂತ ಕೇಳಿದರೆ ನಾನು ಏನು ತೋರಿಸಲಿ?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಚಂದಾ ದುಡ್ಡಿಗೆ ಲೆಕ್ಕ ಕೇಳುವವರಲ್ಲಿ ನಾನೇ ಮೊದಲಿಗ. ಕೊನೆಗೆ ಮೇಡಂ, ‘ಮೊದಲು ಆ ಶಾಲೆಗೆ ಹೋಗಿ ಏನು ಬೇಕು ಅಂತ ಕೇಳಿಕೊಂಡು ಬನ್ನಿ. ನೀವೇ ಹೋಗಿ’ ಎಂದು ಕೆಲಸ ನನ್ನ ತಲೆಗೇ ಕಟ್ಟಿದರು. ಕ್ಲಬ್ಬಿನ ದೊಡ್ಡ ನಿಯಮ ಇದು, ಎಲ್ಲೂ ಬರೆದಿಲ್ಲ. ಬಾಯಿ ತೆಗೆದವನೇ ಮಾಡಬೇಕು.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಕೈ ತೊಳೆದುಕೊಂಡು ಎದ್ದು ಹೋಗಿ, ಟ್ರಂಕಿನಿಂದ ಹಳೇ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರು ತಂದಳು. ಒಳಗೆ ಹಳದಿಯಾದ ಪೇಪರಿನ ತುಂಡು. ನಾನೇ. ಪಕ್ಕದಲ್ಲಿ ಸಫಾರಿ ಸೂಟಿನವರಿಲ್ಲ, ಕೆಳಗಿನ ಸಾಲೂ ಇಲ್ಲ. ಅಮ್ಮ ಎರಡನ್ನೂ ಕತ್ತರಿಸಿ ತೆಗೆದಿದ್ದಳು. ನೋಟ್‌ಬುಕ್ಕಿನ ಅಂಚಿನಲ್ಲಿ ಯಾರದೋ ನಾಲ್ಕು ಬೆರಳು ಮಾತ್ರ ಉಳಿದಿದ್ದವು.

‘ಚಿಕ್ಕವನಿದ್ದಾಗಿನದು ನಿಂದು ಇರೋದು ಇದೊಂದೇ ಕಣಪ್ಪ. ನಮ್ಮ ಕೈಲಿ ಎಲ್ಲಿ ತೆಗೆಸಕ್ಕೆ ಆಗ್ತಿತ್ತು?’ ಅಂದಳು. ಸ್ವಲ್ಪ ತಡೆದು, ‘ಅವತ್ತೇ ಗುಂಡಿ ಹಾಕಿಕೊಡಬೇಕಿತ್ತು. ದಾರ ಇರಲಿಲ್ಲ’ ಅಂದಳು.

ಮೂವತ್ತು ವರ್ಷ ನಾನು ಹೊತ್ತುಕೊಂಡಿದ್ದ ಅವಮಾನವನ್ನು ಅವಳು ಅಷ್ಟೇ ವರ್ಷ ಕವರಿನಲ್ಲಿಟ್ಟು ಕಾಪಾಡಿದ್ದಳು. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಕತ್ತರಿಸುವ ಬುದ್ಧಿ ಅವಳಿಗಿತ್ತು, ಓದಿದ ನನಗೆ ಇರಲಿಲ್ಲ.

ಶನಿವಾರ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಬೀರು ತೆಗೆದು ತೋರಿಸಿದರು. ಬೇರೆ ಬೇರೆಯವರು ಕೊಟ್ಟ ನೋಟ್‌ಬುಕ್ ಆಗಲೇ ಇದ್ದವು. ‘ಪುಸ್ತಕ ಎಲ್ಲರೂ ಕೊಡ್ತಾರೆ ಸಾರ್. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ವಾಪಸ್ ಬರಲ್ಲ’ ಅಂದರು.

ಅದನ್ನೇ ಗುರುವಾರ ಹೇಳಿದೆ. ಹಿಂದೆ ಒಂದು ವೃತ್ತಿಗೆ ಒಬ್ಬರನ್ನೇ ಸೇರಿಸಿಕೊಳ್ಳುವ ನಿಯಮ ಯಾಕಿತ್ತು ಎಂದು ನನಗೆ ಅರ್ಥವಾದದ್ದು ಆಮೇಲಿನ ಎರಡು ತಿಂಗಳಲ್ಲಿ. ಪಂಪ್‌ಸೆಟ್ ಅಂಗಡಿಯವರು ಕೊಂಡ ಬೆಲೆಗೇ ಮೋಟಾರ್ ಕೊಟ್ಟರು. ಮೀಸೆಯ ಕಾಂಟ್ರ್ಯಾಕ್ಟರರು ಟ್ಯಾಂಕಿಗೆ ಕಟ್ಟೆ ಕಟ್ಟಿಸಿದರು. ಎಲೆಕ್ಟ್ರಿಕಲ್ ಅಂಗಡಿಯವರು ವೈರಿಂಗ್ ಮಾಡಿಸಿದರು. ಅರ್ಥಶಾಸ್ತ್ರದ ಮೇಷ್ಟ್ರಿಗೆ ಏನು ಬರುತ್ತದೆ? ಪಂಚಾಯ್ತಿಗೆ, ಎಸ್‌ಡಿಎಂಸಿಗೆ ಪತ್ರ ಬರೆದೆ, ಉತ್ತರ ಬರುವವರೆಗೂ ಅಲೆದೆ.

ನೀರು ಬಂದ ದಿನ ಫೋಟೋ ತೆಗೆದೆವು. ಟ್ಯಾಂಕು, ಮೋಟಾರು, ಹರಿಯುವ ನಲ್ಲಿ. ಖಜಾಂಚಿಗೆ ಅಷ್ಟು ಸಾಕಾಯಿತು. ಹೊರಡುವಾಗ ಏಳನೇ ಕ್ಲಾಸಿನ ಮೂವರು ಹುಡುಗಿಯರು ಬಂದು, ‘ಸಾರ್, ನಮ್ಮದೂ ಒಂದು ತೆಗೀರಿ’ ಅಂದರು. ಜಡೆ ಮುಂದಕ್ಕೆ ಹಾಕಿಕೊಂಡು, ಯೂನಿಫಾರಂ ಸರಿಮಾಡಿಕೊಂಡು, ಎಲ್ಲಿ ನಿಲ್ಲಬೇಕೆಂದು ಜಗಳವಾಡಿ ನಿಂತರು. ಅವರು ‘ಹ್ಞೂಂ’ ಅಂದ ಮೇಲೆ ಕ್ಲಿಕ್ಕಿಸಿದೆ. ಆ ಫೋಟೋ ವರದಿಗೆ ಹೋಗಲಿಲ್ಲ. ಮೂರು ಪ್ರತಿ ಹಾಕಿಸಿ ಅವರಿಗೇ ಕೊಟ್ಟೆ.

ಈಗ ಪ್ರತಿ ತಿಂಗಳ ಮೊದಲ ಶನಿವಾರ ಕಾಲೇಜು ಮುಗಿಸಿ ಆ ಕಡೆ ಹೋಗುತ್ತೇನೆ. ಮೋಟಾರ್ ಎರಡು ಸಲ ಕೆಟ್ಟಿದೆ. ಒಂದು ಸಲ ನಲ್ಲಿಯನ್ನೇ ಯಾರೋ ಕಿತ್ತುಕೊಂಡು ಹೋಗಿದ್ದರು. ಅಧ್ಯಕ್ಷರು ಬದಲಾಗಿದ್ದಾರೆ, ಬಿಲ್ಲೆಗಳಿಗೆ ಇನ್ನೊಂದು ಸೇರಿದೆ. ಸದಸ್ಯತ್ವ ಅಂದರೆ ಏನು ಎಂದು ವಿದ್ಯಾರ್ಥಿಗಳು ಯಾರಾದರೂ ಕೇಳಿದರೆ ಗಂಟೆ, ಪಿನ್ನು, ಚಂದಾ ಎಲ್ಲ ಹೇಳುತ್ತೇನೆ. ಕೊನೆಗೆ ಈ ಶನಿವಾರದ ವಿಷಯವನ್ನೂ ಹೇಳುತ್ತೇನೆ. ಹೋಗಿ ನಲ್ಲಿ ತಿರುಗಿಸಿ ನೋಡುವುದು, ನೀರು ಬಂದರೆ ನಿಲ್ಲಿಸಿ ಬರುವುದು.