ಅಜ್ಜಿಯ ಮದ್ದು, ಸಾಯ್ಬರ ಮದ್ದು

ನಮ್ಮ ಮನೆಯಲ್ಲಿ ಮದ್ದು ಎಂದರೆ ಅಜ್ಜಿಯದು. ಅಡುಗೆಮನೆಯ ಗೋಡೆಗಪಾಟಿನಲ್ಲಿ ಬಜೆ, ಹಿಪ್ಪಲಿ, ಜ್ಯೇಷ್ಠಮಧು, ಹೆಸರು ಕೇಳಿದರೆ ಅಜ್ಜಿಯೇ ತಡವರಿಸುವ ನಾಲ್ಕಾರು ಬೇರು. ಕೆಮ್ಮಿದರೆ ಮದ್ದು. ಕೆಮ್ಮದೆ ಸುಮ್ಮನಿದ್ದರೂ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ತೊಗಟೆಯ ಕಹಿ ಕಷಾಯ. ಇಂಥ ಮನೆಯಲ್ಲಿ ಬೆಳೆದವನಿಗೆ, ಜಾತ್ರೆ ಹತ್ತಿರ ಬಂದಾಗ ಯಾರೋ ಅಪ್ಪನಿಗೆ ‘ಸಾಯ್ಬರು ಮದ್ದು ಅರೆಯಲಿಕ್ಕೆ ಶುರು ಮಾಡಿದ್ದಾರೆ’ ಎಂದದ್ದು ಕಿವಿಗೆ ಬಿದ್ದರೆ ಏನನಿಸಬೇಕು? ಪಾಪ, ಸಾಯ್ಬರ ಮನೆಯಲ್ಲಿ ಯಾರಿಗೋ ಜೋರು ಜ್ವರ ಎಂದೇ ತಿಳಿದೆ.

‘ಎಂಥ ಜ್ವರ ಮಾರಾಯ, ಅದು ಗರ್ನಾಲಿನ ಮದ್ದು’ ಎಂದು ಅಪ್ಪ ನಕ್ಕರು.

ಪುತ್ತೂರಿನ ಪಕ್ಕದ ಊರು ನಮ್ಮದು. ಈ ಕಡೆಯ ದೇವಸ್ಥಾನಗಳಲ್ಲಿ ಉತ್ಸವವೆಂದರೆ ಚೆಂಡೆಯಷ್ಟೇ ಗರ್ನಾಲೂ ಬೇಕು. ಎಷ್ಟೋ ಕಡೆ ಅದನ್ನು ಸಿಡಿಸುವ ಕೆಲಸ ತಲೆಮಾರುಗಳಿಂದ ಮುಸ್ಲಿಂ ಮನೆತನಗಳದ್ದು. ನಮ್ಮೂರ ಸಾಯ್ಬರಿಗೆ ಹೊಟ್ಟೆಪಾಡು ಅಡಿಕೆ ವ್ಯಾಪಾರದಲ್ಲಿ ನಡೆಯುತ್ತಿತ್ತು. ಮದ್ದು ಅವರ ಖುಷಿ. ವರ್ಷಕ್ಕೊಮ್ಮೆ ಜಾತ್ರೆಗೆ ಗರ್ನಾಲು, ದೀಪಾವಳಿಗೆ ನಾಲ್ಕು ಮನೆಗೆ ಮಣ್ಣಿನ ದುರ್ಸು. ದುಡ್ಡು ಕೊಟ್ಟರೆ ‘ಇದಕ್ಕೆಲ್ಲ ಎಂಥ ದುಡ್ಡು’ ಎನ್ನುವರು.

ಅಂಗಳದ ಹಲಸಿನ ಮರದಡಿ ಗೋಣಿ ಹಾಸಿ ಅವರು ಕೂತರೆ ಹತ್ತು ಮಾರು ದೂರದಲ್ಲಿ ನಮಗೊಂದು ಗೆರೆ. ಗೆರೆಯಾಚೆಗೆ ಬೀಡಿ ಇಲ್ಲ, ಚಪ್ಪಲಿ ಇಲ್ಲ, ಕಬ್ಬಿಣದ ಕುಟ್ಟಾಣಿ ಇಲ್ಲ, ಎಲ್ಲ ಮರದ್ದು. ಇದ್ದಿಲ ಹುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಒಯ್ದು ಕೇಳುತ್ತಿದ್ದರು. ಸದ್ದಿದ್ದರೆ ಇನ್ನೂ ಅರೆಯಬೇಕು. ಬೆರಳಿನ ಗೆರೆಗಳೊಳಗೆ ಕಪ್ಪು ಇಳಿದು, ಒರೆಸಿದರೂ ಹೋಗದಂತಾದರೆ ಸರಿ. ಅಜ್ಜಿ ಶುಂಠಿ ಹುಡಿಯನ್ನು ನೋಡುತ್ತಿದ್ದದ್ದೂ ಹೀಗೆಯೇ.

‘ಎಷ್ಟು ಹೊತ್ತು ಸಾಯ್ಬರೇ?’ ಎಂದರೆ, ‘ಮದ್ದಿಗೆ ಅವಸರ ಇಲ್ಲ ಮಾಣಿ, ಅವಸರ ಇರುವುದು ನಮಗೆ’ ಎನ್ನುತ್ತಿದ್ದರು.

ಮೂಲದಲ್ಲಿ ಸಾಮಾನು ಮೂರೇ: ಪೆಟ್ಲುಪ್ಪು, ಗಂಧಕ, ಇದ್ದಿಲು. ಪೆಟ್ಲು ಎಂದರೆ ನಾವು ಬಿದಿರ ಕೊಳವೆಗೆ ಹಸಿ ಕಾಯಿ ತುರುಕಿ ಪಟ್ಟೆಂದು ಹೊಡೆಯುತ್ತಿದ್ದ ಆಟಿಕೆ. ಹಳಬರ ಮಾತಿನಲ್ಲಿ ನಿಜವಾದ ಕೋವಿಗೂ ಅದೇ ಹೆಸರು. ಕೋವಿಗೆ ಬೇಕಾದ ಉಪ್ಪು, ಹಾಗಾಗಿ ಪೆಟ್ಲುಪ್ಪು. ಹಳೆಯ ಗೋಡೆ, ದನ ಕಟ್ಟುವ ಜಾಗದ ಮಣ್ಣಿನ ಮೇಲೆ ಬೆಳ್ಳಗೆ ಏಳುವ ಹುಡಿಯಿಂದ ತೆಗೆಯುತ್ತಿದ್ದ ಈ ಉಪ್ಪಿಗಾಗಿ ಡಚ್ಚರು, ಇಂಗ್ಲಿಷರು ಬಿಹಾರದಲ್ಲಿ ಕೋಠಿ ಕಟ್ಟಿದರು. ಹಟ್ಟಿಯ ಮಣ್ಣು ಹಡಗೇರಿ ಯೂರೋಪಿನ ಯುದ್ಧಗಳಿಗೆ ಹೋಯಿತು.

ನಮ್ಮಲ್ಲಿ ಅದು ಹಬ್ಬಕ್ಕೂ ಒದಗಿತ್ತು. 1443ರಲ್ಲಿ ಪ್ರೌಢದೇವರಾಯನ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸನ್ನು ಕಂಡು ಬರೆದಿಟ್ಟ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪಾಯೆಸ್, ತಾವು ಉರಿಯುತ್ತಲೇ ಒಳಗಿಂದ ಬಾಣಗಳನ್ನು ಎಸೆಯುವ ಆಟದ ಕೋಟೆಗಳನ್ನು ಕಂಡ. ಒಡಿಶಾದ ಗಜಪತಿ ಪ್ರತಾಪರುದ್ರನ ಹೆಸರಿನಲ್ಲಿರುವ ‘ಕೌತುಕಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥದಲ್ಲಂತೂ ಬಾಣಬಿರುಸಿನ ಪಾಕಗಳೇ ಇವೆ. ಅರಸನ ಹೆಸರಿನಲ್ಲಿ ಅಡುಗೆ ಪುಸ್ತಕದಂತೆ ಮದ್ದಿನ ಪುಸ್ತಕ! ಇವೆಲ್ಲವನ್ನೂ ಹೆಕ್ಕಿ ಒಟ್ಟು ಮಾಡಿದ ಪಿ.ಕೆ. ಗೋಡೆಯವರ ಪುಟ್ಟ ಚರಿತ್ರೆ 1953ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲಿ.

ಮೈಸೂರಿನ ಹೈದರ್, ಟಿಪ್ಪು ಬಿದಿರಿನ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿದಾಗ ಆಟದ ಬಾಣ ಯುದ್ಧದ ರಾಕೆಟ್ಟಾಯಿತು. 1780ರ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟುಗಳು ಸಿಕ್ಕವು. ಬಾವಿಯ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಸುದ್ದಿ ಓದಿದಾಗ ನನ್ನ ಮೂಗಿಗೆ ಬಂದದ್ದು ಟಿಪ್ಪುವಿನ ವಾಸನೆಯಲ್ಲ, ಸಾಯ್ಬರ ಅಂಗಳದ್ದು.

ಅವರ ದುರ್ಸಿನಲ್ಲಿ ಬಣ್ಣವೆಂದರೆ ಹೊಂಬಣ್ಣ ಒಂದೇ. ಕೆಂಪಿಗೆ ಸ್ಟ್ರಾಂಷಿಯಂ, ಹಸಿರಿಗೆ ಬೇರಿಯಂ ಎಂಬುದೆಲ್ಲ 19ನೇ ಶತಮಾನದ ರಸಾಯನಶಾಸ್ತ್ರದ ಕೊಡುಗೆ. ಅದು ಹಲಸಿನ ಮರದಡಿಗೆ ತಲುಪಿರಲಿಲ್ಲ. ಆಚಾರಿಯ ಕುಲುಮೆಯಿಂದ ತಂದ ಅರದ ಹುಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿಟ್ಟಿರುತ್ತಿದ್ದರು. ದೀಪಾವಳಿಯ ರಾತ್ರಿ ಅದೇ ಹುಡಿ ತೆಂಗಿನ ಮರದೆತ್ತರ ಹಾರಿ, ಒಂದೊಂದು ಕಿಡಿಯೂ ಕವಲೊಡೆದು, ಅಡಿಕೆ ಹಿಂಗಾರದಂತೆ ಬಿಚ್ಚಿಕೊಳ್ಳುತ್ತಿತ್ತು.

ನೋಡಿ ಸುಮ್ಮನಿರುವ ಜಾತಿ ನಮ್ಮದಲ್ಲ. ಮರುದಿನ ಬೆಳಿಗ್ಗೆ ಸಿಡಿಯದ ಪಟಾಕಿ ಹೆಕ್ಕಿ, ಬಿಚ್ಚಿ, ಹುಡಿಯನ್ನು ತೆಂಗಿನ ಗೆರಟೆಗೆ ಸುರಿದು, ಹಟ್ಟಿಯ ಹಿಂದೆ ನಾನೂ ನನ್ನ ತಮ್ಮನೂ ಕಡ್ಡಿ ಗೀರಿದೆವು. ಏನೂ ಆಗಲಿಲ್ಲ. ಬಗ್ಗಿ ಊದಿದೆ. ಬುಸ್ಸೆಂದದ್ದಷ್ಟೇ ನೆನಪು. ಎಡಹುಬ್ಬು ಹೋಯಿತು, ಕಣ್ಣು ಹೇಗೋ ಉಳಿಯಿತು. ಅಜ್ಜಿ ಬೈಯುತ್ತಲೇ ಲೋಳೆಸರ ಸೀಳಿ ಹಚ್ಚಿದಳು. ಸುದ್ದಿ ಕೇಳಿ ಬಂದ ಸಾಯ್ಬರು ಜಗಲಿಯಲ್ಲಿ ಕೂತು ನನ್ನನ್ನೇ ನೋಡಿದರು. ‘ಸಿಡಿಯದ ಮದ್ದು ಸತ್ತಿದೆ ಅಂತ ಯಾರು ಹೇಳಿದ್ದು? ಅದು ನಿದ್ದೆಯಲ್ಲಿರುತ್ತದೆ.’ ಮುಂದಿನ ದೀಪಾವಳಿಗೆ ನಮ್ಮ ಮನೆಗೆ ದುರ್ಸು ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಓದಿದೆ: ಚೀನಿಯರೂ ಸಿಡಿಮದ್ದನ್ನು ಕರೆಯುವುದು ಬೆಂಕಿಯ ಮದ್ದು ಎಂದೇ. ಅಲ್ಲಿಯ ‘ಯಾವ್’ ನಮ್ಮ ಅಜ್ಜಿಯ ಕಪಾಟಿನ ಮದ್ದು. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಸಾವಿಗೆ ಮದ್ದು ಹುಡುಕುತ್ತಿದ್ದ ರಸವಾದಿಗಳ ಕೈಯಲ್ಲಿ ಇದು ಹುಟ್ಟಿತು. ಗಂಧಕ, ಪೆಟ್ಲುಪ್ಪುಗಳನ್ನು ಜೇನಿನೊಡನೆ ಕಾಸಿ ಕೈ ಮುಖ ಸುಟ್ಟುಕೊಂಡು, ಮನೆಯನ್ನೂ ಸುಟ್ಟವರಿದ್ದಾರೆ, ಜೋಕೆ ಎಂದು ಅವರದೇ ಗ್ರಂಥವೊಂದು ಎಚ್ಚರಿಸುತ್ತದೆ. ನನ್ನ ಹುಬ್ಬಿಗೆ ಅಷ್ಟು ದೊಡ್ಡ ವಂಶಾವಳಿ ಇದೆಯೆಂದು ತಿಳಿದು ಸಮಾಧಾನವಾಯಿತು.

ಈಗ ಮದ್ದಿಗೆ ಪರವಾನಗಿ ಬೇಕು, ಗೋದಾಮು ಬೇಕು. ಬೇಕಾದದ್ದೇ, ನನ್ನ ಮುಖವೇ ಸಾಕ್ಷಿ. ದುರ್ಸು ಶಿವಕಾಶಿಯ ಪೆಟ್ಟಿಗೆಯಲ್ಲಿ ಬರುತ್ತದೆ. ಏಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರನ ರಥೋತ್ಸವಕ್ಕೆ ‘ಪುತ್ತೂರು ಬೆಡಿ’ ಎನ್ನುವ ಬಾಣಬಿರುಸು ನೋಡಲು ಈಗಲೂ ಹೋಗುತ್ತೇನೆ. ಬಣ್ಣಕ್ಕೆ ಕೊರತೆಯಿಲ್ಲ. ಆದರೂ ಎಲ್ಲೋ ಒಂದು ಬರಿಯ ಹೊಂಬಣ್ಣದ ಹೂ ಬಿರಿದರೆ ಎದೆ ಝಲ್ಲೆನ್ನುತ್ತದೆ.

ಎಡಹುಬ್ಬಿನಲ್ಲಿ ಕಾಳಿನಷ್ಟು ಜಾಗ ಇಂದಿಗೂ ಬೋಳು. ಮೊನ್ನೆ ಸೆಲೂನಿನ ಹೊಸ ಹುಡುಗ ಕತ್ತರಿ ನಿಲ್ಲಿಸಿ ಕೇಳಿದ, ‘ಇದೆಂಥದು ಸರ್?’

‘ಮದ್ದಿನಿಂದ ಆದದ್ದು ಮಾರಾಯ’ ಎಂದೆ.

‘ಹೌದು ಸರ್,’ ಎಂದು ಮರುಕದಿಂದ ತಲೆಯಾಡಿಸಿದ, ‘ಕೆಲವರಿಗೆ ಇಂಗ್ಲಿಷ್ ಮದ್ದು ಆಗಿಬರುವುದಿಲ್ಲ.’