ಡಾಕ್ಟರ್ ಆದಮ್ಯಾಲೂ ಏನ್ ಕಲಿಯೂದೈತಿ?

ಸಂಜೆ ವಿದ್ಯಾಗಿರಿಯಲ್ಲಿ ಕಟ್ಟೆಗೆ ಕೂತರೆ ಮುಂದೆ ಹಾಯುವವರಲ್ಲಿ ಅರ್ಧ ಮಂದಿ ಕಲಿಯುವವರು, ಉಳಿದರ್ಧ ಕಲಿಸುವವರು. 1963ರ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇರುವ ಜಾಗ, ಬೇರೇನು ಇರಬೇಕು ಹೇಳಿ? ಎರಡರಲ್ಲೂ ಸಲ್ಲದ ನಾನು ಚಹಾ ಕುಡಿಯುವವನು. ಮೊನ್ನೆ ಬೆಂಗಳೂರಿನಿಂದ ಬಂದ ಎದುರುಮನೆ ಹುಡುಗನೂ ಎರಡರಲ್ಲೂ ಸಲ್ಲದವನೇ ಎಂದು ತಿಳಿದು ಸಮಾಧಾನವಾಯಿತು. ಪಿಎಚ್.ಡಿ. ಮುಗಿದಿದೆ, ಕಾಯಂ ನೌಕರಿ ಇಲ್ಲ, ಪೋಸ್ಟ್‌ಡಾಕ್ ಅಂತೆ.

"ಡಾಕ್ಟರ್ ಆದಿ. ಇನ್ನೇನ್ ಕಲಿಯೂದೈತೋ ತಮ್ಮಾ?"

"ಕಲಿಯೂದಲ್ಲ ಕಾಕಾ, ಸಂಶೋಧನಾ. ಎರಡ ವರ್ಷದ್ದು. ಮಲ್ಟಿಸ್ಕೇಲ್ ಮಾಡೆಲಿಂಗ್."

"ಕನ್ಯಾದವರಿಗೆ ಇದನ್ನ ಹ್ಯಾಂಗ ಹೇಳ್ಲಿ ಅಣ್ಣಾರ?" ಅವನವ್ವನ ದನಿ ಒಳಗಿಂದ.

ಹುಡುಗ ಬಾದಾಮಿಯ ಗವಿಗೆ ಕರೆದೊಯ್ದ, ಮಾತಿನಲ್ಲೇ. ಮೂರನೆಯ ಗವಿಯಲ್ಲಿ 578ರ ಶಾಸನವಿದೆಯಲ್ಲ, ಅಲ್ಲಿಗೆ. ಸಾಲಿಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಆ ಕಲ್ಲನ್ನು ಉಜ್ಜಿದಾಗ ಬೆರಳಿಗೆ ಕೆಂಪು ಮರಳು ಹತ್ತಿದ್ದು, ಮಾಸ್ತರರು ಅದೇ ಬೆರಳಿಗೆ ಬಡಿದದ್ದು ನನಗೆ ನೆನಪಾಯಿತು. ಅವನ ಕಥೆ ಆ ಮರಳಿನದೇ. ಒಂದು ಮಿಲಿಮೀಟರ್ ಕಾಳಿನಲ್ಲಿ 4ರ ಮುಂದೆ 19 ಸೊನ್ನೆ ಇಟ್ಟಷ್ಟು ಪರಮಾಣುಗಳಂತೆ. ಅವುಗಳ ಕುಣಿತವನ್ನು ಕಂಪ್ಯೂಟರ್ ಒಂದೊಂದು ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ ಲೆಕ್ಕ ಹಾಕುತ್ತದೆ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಅಷ್ಟು. ಗವಿಗೋ ಹದಿನಾಲ್ಕು ಶತಮಾನ ದಾಟಿದೆ. ಈ ಹೆಜ್ಜೆಯಲ್ಲಿ ನಡೆದರೆ ಯಾವ ಕಾಲಕ್ಕೆ ಮುಟ್ಟುವುದು? ಅದಕ್ಕೇ ಬಿರುಕಿನ ತುದಿಯಲ್ಲಷ್ಟೇ ಪರಮಾಣು ಎಣಿಸುವುದು, ಸುತ್ತ ಕಾಳು ಎಣಿಸುವುದು, ಅದರಾಚೆ ಇಡೀ ಬಂಡೆಯನ್ನು ಒಂದೇ ಮುದ್ದೆ ಎಂದು ಹಿಡಿಯುವುದು.

"ಕೂಡಿಸೂದ ತ್ರಾಸ ಕಾಕಾ. ಒಂದ್ ಲೆಕ್ಕ ಮುಗದು ಇನ್ನೊಂದ್ ಶುರು ಆಗೂ ಜಾಗಾದಾಗ ಹರೀತೈತಿ."

"ಕೊಂಡಿ ಅನ್ನಲಾ ಹಂಗಾರ!" ಅವ್ವ ಹೊರಗೆ ಬಂದಿದ್ದರು. ತವರು ಇಳಕಲ್ಲು. ಸೆರಗನ್ನು ಮೊಣಕಾಲ ಮೇಲೆ ಹಾಸಿ, ಮೈ ಮುಗಿದು ಸೆರಗು ಹತ್ತುವ ಗೆರೆಯ ಗುಂಟ ಹೆಬ್ಬೆರಳ ಉಗುರು ಎಳೆದರು. ಮೈಯ ಹಾಸು ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ. ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಜೋಡಿಸಬೇಕು. ಉಗುರಿಗೆ ಎಲ್ಲೂ ಏನೂ ತಡೆಯಲಿಲ್ಲ. ಹುಡುಗ ಬಗ್ಗಿ ನೋಡಿದ, ಮೊಬೈಲಿನಲ್ಲಿ ಫೋಟೋ ತೆಗೆದ. ಡಾಕ್ಟರನಿಗೆ ಇದನ್ನು ಯಾರೂ ಕಲಿಸಿರಲಿಲ್ಲವೆ?

ಮಾತು ನೊಬೆಲಿಗೆ ಹಾರಿತು. ರಸಾಯನ ವಿಜ್ಞಾನದಲ್ಲಿ ಇಂಥದೇ ಕೊಂಡಿ ಹಾಕಿದ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಮೂವರಿಗೂ 2013ರಲ್ಲಿ ಬಂತು. ವಾರ್ಶೆಲ್ ಅವರು 1970ರಲ್ಲಿ ಕಾರ್ಪ್ಲಸ್ ಅವರ ಹತ್ತಿರ ಹಾರ್ವರ್ಡ್‌ಗೆ ಹೋದದ್ದು ಪೋಸ್ಟ್‌ಡಾಕ್ ಆಗಿಯೇ.

ನಾನು ಬೆರಳು ಮಡಿಚಿದೆ. "ನಲವತ್ಮೂರ ವರ್ಷಾತಲೋ!"

"ಅಲ್ಲೀತನಕ ಯಾವ ಕನ್ಯಾನೂ ಕಾಯೂದಿಲ್ಲ," ಎಂದರು ಅವ್ವ, ಸೆರಗು ಹೊದ್ದುಕೊಳ್ಳುತ್ತ. "ಬೆಂಗಳೂರಾಗ ಕೊಂಡಿ ಹಾಕ್ತಾನ ಅಂತ ಹೇಳ್ತೀನಿ. ಇಳಕಲ್ಲ ಕಡಿಯವರಾದ್ರ ಪಗಾರ ಎಷ್ಟ್ ಅಂತಾರ, ಅಷ್ಟ."