ಕಣ್ಣೊಳಗಿನ ನಾಳಗಳು ಮತ್ತು ಮಾದರಿ ಉತ್ತರ

ಮಧುಮೇಹಿಯಾದ್ದರಿಂದ ನಾನು ವರ್ಷಕ್ಕೊಮ್ಮೆ ಅಕ್ಷಿಪಟಲದ, ಅಂದರೆ ರೆಟಿನಾದ, ಛಾಯಾಚಿತ್ರ ತೆಗೆಸಿಕೊಳ್ಳುತ್ತೇನೆ. ಕಿತ್ತಳೆ ಬಣ್ಣದ ಆ ದುಂಡು ಚಿತ್ರದಲ್ಲಿ ರಕ್ತನಾಳಗಳು ಭೂಪಟದ ನದಿ-ಉಪನದಿಗಳಂತೆ ಕವಲೊಡೆದಿರುತ್ತವೆ. ಇವನ್ನು ಗಣಕಯಂತ್ರವೇ ಗುರುತಿಸುವ ‘ಡೀಪ್ ಲರ್ನಿಂಗ್’ ವಿಧಾನದ ಬಗ್ಗೆ ಈಚೆಗೆ ಒಂದಿಷ್ಟು ಓದಿದೆ. ಯಂತ್ರಕ್ಕಿಂತ ಅದರ ಮೌಲ್ಯಮಾಪನವೇ ನನ್ನನ್ನು ಹಿಡಿದು ನಿಲ್ಲಿಸಿತು. ಮೇಷ್ಟ್ರ ಬುದ್ಧಿ, ಬಿಟ್ಟೀತೇ?

ಯಂತ್ರಕ್ಕೆ ಪಾಠ ಹೇಳಲು ಬಹುಕಾಲದಿಂದ ಬಳಕೆಯಲ್ಲಿರುವುದು 2004ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ‘ಡ್ರೈವ್’ ಎಂಬ ಸಂಗ್ರಹ. ಮಧುಮೇಹಿಗಳ ನೇತ್ರ ತಪಾಸಣೆಯಿಂದ ಆಯ್ದ 40 ಚಿತ್ರಗಳಷ್ಟೇ ಅದರಲ್ಲಿವೆ. 20 ಪಾಠಕ್ಕೆ, 20 ಪರೀಕ್ಷೆಗೆ. ನೇತ್ರತಜ್ಞರಿಂದ ತರಬೇತಿ ಪಡೆದವರು ಪ್ರತಿ ಚಿತ್ರದಲ್ಲೂ ನಾಳಗಳನ್ನು ಕೈಯಿಂದಲೇ ಗುರುತಿಸಿದ್ದಾರೆ. ಅದೇ ಮಾದರಿ ಉತ್ತರ. ಯಂತ್ರವು ತನ್ನ ಉತ್ತರವನ್ನು ಇದರೊಂದಿಗೆ ಹೋಲಿಸಿ, ತಪ್ಪಿಗೆ ಅನುಗುಣವಾಗಿ ತನ್ನೊಳಗಿನ ಸಂಖ್ಯೆಗಳನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ‘ಯು-ನೆಟ್’ ಎಂಬ ರಚನೆ ಕೆಲವೇ ಚಿತ್ರಗಳಿಂದಲೂ ಕಲಿಯಬಲ್ಲದು. ಆದ್ದರಿಂದ ಈ ಕೆಲಸದಲ್ಲಿ ಅದಕ್ಕೆ ಬಹಳ ಬೇಡಿಕೆ.

ಇನ್ನು ಅಂಕಗಳ ವಿಷಯ. ಡ್ರೈವ್ ಚಿತ್ರಗಳಲ್ಲಿ ನಾಳಗಳು ಆವರಿಸುವುದು ಸುಮಾರು ಎಂಟರಲ್ಲೊಂದು ಭಾಗ. ಹಾಗಾಗಿ ಏನೂ ಕಲಿಯದ ಯಂತ್ರವೊಂದು ಎಲ್ಲ ಬಿಂದುಗಳಿಗೂ ‘ನಾಳವಲ್ಲ’ ಎಂದು ಬರೆದರೂ ಶೇಕಡಾ 87ರಷ್ಟು ಅಂಕ ಗಳಿಸಿಬಿಡುತ್ತದೆ! (ಬಹು ಆಯ್ಕೆಯ ಪ್ರಶ್ನೆಗಳಿಗೆಲ್ಲ ‘ಸಿ’ ಎಂದೇ ಬರೆದು ಎದ್ದುಬರುತ್ತಿದ್ದ ಮಹಾನುಭಾವರು ನಿಮ್ಮಲ್ಲೂ ಇದ್ದಿರಿ, ಹೆಸರು ಹೇಳುವುದಿಲ್ಲ.) ಆದಕಾರಣ ನಿಜವಾದ ನಾಳಗಳಲ್ಲಿ ಎಷ್ಟು ಭಾಗ ಸಿಕ್ಕಿತೆಂಬುದನ್ನು ಸಂಶೋಧಕರು ಬೇರೆಯಾಗಿ ಎಣಿಸುತ್ತಾರೆ. ದಪ್ಪ ನಾಳಗಳು ಸುಲಭವಾಗಿ ಸಿಗುತ್ತವೆ. ತಪ್ಪಿಹೋಗುವುದು ಒಂದೆರಡು ಬಿಂದುಗಳಷ್ಟೇ ಅಗಲದ, ಕೂದಲೆಳೆಯಂಥವು. ಮಧುಮೇಹ ಮೊದಲು ಕೈಯಿಡುವುದೂ ಅತಿ ಸಣ್ಣ ನಾಳಗಳ ಮೇಲೆಯೇ. ಯಂತ್ರಕ್ಕೆ ಶೇಕಡಾ 95 ಬಂತೆಂದು ನನ್ನಂಥ ರೋಗಿ ಹಿಗ್ಗುವಂತಿಲ್ಲ.

ಆ ಮಾದರಿ ಉತ್ತರವಾದರೂ ಪ್ರಶ್ನಾತೀತವೇ? ಶೇಕಡಾ 70ರಷ್ಟಾದರೂ ಖಾತರಿಯಿದ್ದರೆ ನಾಳವೆಂದು ಗುರುತಿಸಿ ಎಂಬುದು ಗುರುತು ಹಾಕಿದವರಿಗೆ ಕೊಟ್ಟಿದ್ದ ಸೂಚನೆ. ಪರೀಕ್ಷೆಯ 20 ಚಿತ್ರಗಳನ್ನು ಮತ್ತೊಬ್ಬರಿಂದ ಎರಡನೆಯ ಸಲ ಗುರುತು ಮಾಡಿಸಿದಾಗ, ಎರಡೂ ಹೊಂದಿಕೆಯಾದದ್ದು ಶೇಕಡಾ 95ಕ್ಕೆ ತುಸು ಕಡಿಮೆ. ಇಂದಿನ ಹಲವು ಯಂತ್ರಗಳು ಆ ಮತ್ತೊಬ್ಬರಿಗಿಂತ ಹೆಚ್ಚು ಅಂಕ ಪಡೆಯುತ್ತವೆ. ಅಂದರೆ ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಕಾಣುತ್ತಿದೆಯೋ, ಅಥವಾ ಮೊದಲ ಸಲ ಗುರುತಿಸಿದವರ ಕೈಯನ್ನು ಚೆನ್ನಾಗಿ ಅನುಕರಿಸುತ್ತಿದೆಯೋ? ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮರುಮೌಲ್ಯಮಾಪನದಲ್ಲಿ ಹಲವು ಬೇಸಿಗೆ ಕಳೆದ ನನಗೆ ಎರಡನೆಯದರ ಮೇಲೆಯೇ ಗುಮಾನಿ. ಈ ವಿದ್ಯೆಯಲ್ಲಿ ದುಡಿಯುತ್ತಿರುವ ಶಿಷ್ಯರಿದ್ದರೆ ದಯವಿಟ್ಟು ಬರೆದು ತಿಳಿಸಿ: ಇಬ್ಬರು ಮನುಷ್ಯರು ಒಪ್ಪದ ಬಿಂದುಗಳಲ್ಲಿ ನಿಮ್ಮ ಯಂತ್ರ ಯಾರ ಪಕ್ಷ ವಹಿಸುತ್ತದೆ?